ಹೊತ್ತು ತಂದದ್ದು, ಕೊಂಡು ತಂದದ್ದು: ನಮ್ಮವ್ವನ ಕೊರಬಾಡಿನ ಮಡಕೆ

ಗೆಳೆಯರೇ, ಉದ್ದದ ಪೋಸ್ಟ್ ಇದು. ಬಿಡುವು ಮಾಡಿಕೊಂಡು ಓದಿ.

ಹೋದ ಭಾನುವಾರ ಮಗಳು ಮೈಸೂರಿನ ಹಾಸ್ಟೆಲ್‌ನಿಂದ ಹಂಗಳಕ್ಕೆ ಬಂದಿದ್ದಳು. ಮೊಬೈಲಲ್ಲಿ ಒಂದು ರೀಲ್ಸ್ ತೋರಿಸಿದಳು. ಯಾವುದೋ ದೇಶದ ಹೆಣ್ಣುಮಗಳು. ಅಡುಗೆಮನೆ ತುಂಬ ಗಾಜಿನ ಡಬ್ಬಿಗಳು. ಎರಡು ಕೆಜಿ ಬೀಫ್ ಬೇಯಿಸಿ, ಡಬ್ಬಿಗಳಿಗೆ ಹಂಚಿ, ಪಕ್ಕದಲ್ಲಿ ಒಂದಿಷ್ಟು ಅನ್ನ, ಒಂದಿಷ್ಟು ತರಕಾರಿ ಇಟ್ಟು, ಸೋಮವಾರ ಮಂಗಳವಾರ ಅಂತ ಚೀಟಿ ಅಂಟಿಸಿ ಫ್ರಿಜ್‌ಗೆ ಸೇರಿಸಿದಳು. ಇದಕ್ಕೆ 'ಮೀಲ್ ಪ್ರೆಪ್' ಅಂತಾರಂತೆ. ವಾರದ ಊಟ ಒಂದೇ ದಿನ ಮಾಡಿಟ್ಟುಕೊಳ್ಳೋದು. ಕೆಳಗೆ ಸಾವಿರಾರು ಜನ ಹೃದಯದ ಚಿತ್ರ ಹಾಕಿ ಹೊಗಳಿದ್ದಾರೆ.

ಪಕ್ಕದಲ್ಲಿ ಕೂತಿದ್ದ ನಮ್ಮವ್ವ ಕನ್ನಡಕ ಸರಿಮಾಡಿಕೊಂಡು ನೋಡಿದಳು. "ಇದುಕ್ಕೆ ಇಷ್ಟೊಂದ್ ಡಬ್ಬಿ ಬೇಕಾ ಕೂಸೆ? ನಾವು ಒಂದ್ ಮಡ್ಕೇಲಿ ಆರ್ ತಿಂಗ್ಳು ಮಡಗ್ತಿದ್ದೊ" ಅಂದಳು.

ಮಗಳು ನಕ್ಕಳು. ನಾನೂ ನಕ್ಕೆ. ಆದರೆ ಆ ಮಡಕೆ ವಿಚಾರ ವಾರವಿಡೀ ತಲೆಯಿಂದ ಹೋಗಲಿಲ್ಲ. ಆ ಮಡಕೆಗೆ ಒಂದು ಚರಿತ್ರೆ ಇದೆ. ಅದನ್ನ ಯಾರೂ ಬರೆದಿಲ್ಲ ಅಂತಲ್ಲ, ನಮ್ಮ ಮನೆಯದ್ದನ್ನ ನಾನೇ ಬರೀಬೇಕು ಅನ್ನಿಸಿತು.

*

ಕೊರಬಾಡು ಅಂದ್ರೆ ಗೊತ್ತಿಲ್ಲದ ಹುಡುಗರಿಗೆ ಮೊದಲು ಹೇಳಿಬಿಡ್ತೀನಿ. ಒಣಗಿಸಿದ ದನದ ಬಾಡು. ಮಾಂಸವನ್ನ ಎಳೆ ಎಳೆಯಾಗಿ, ಕೈಬೆರಳ ದಪ್ಪಕ್ಕೆ ಉದ್ದುದ್ದ ಸೀಳಬೇಕು. ಅಡ್ಡ ಕೊಯ್ದರೆ ಒಣಗುವಾಗ ಪುಡಿಯಾಗುತ್ತೆ. ಉಪ್ಪು ಅರಿಶಿನ ಉಜ್ಜಿ ಒಂದು ರಾತ್ರಿ ಬಿಟ್ಟರೆ ನೀರು ಬಿಡುತ್ತೆ. ಅದನ್ನ ಬಸಿದು, ಹಗ್ಗಕ್ಕೋ ಗಳಕ್ಕೋ ನೇತುಹಾಕಿ ಬಿಸಿಲಿಗೆ ಬಿಡಬೇಕು. ಕಾಗೆ, ನಾಯಿ ಕಾಯೋದು ಮಕ್ಕಳ ಕೆಲಸ. ನಾನೂ ಕೋಲು ಹಿಡ್ಕೊಂಡು ಕಾದಿದ್ದೀನಿ. ಮೂರ್ನಾಲ್ಕು ದಿನ ಒಳ್ಳೇ ಬಿಸಿಲು ಬಿದ್ದರೆ ಸಾಕು. ಮೋಡ ಹಾಕಿದರೆ ಒಲೆಯ ಮೇಲೆ ಗಳ ಕಟ್ಟಿ ಹೊಗೆಗೆ ಬಿಡ್ತಿದ್ದರು. ಕೊನೆಗೆ ಅದು ಕಟ್ಟಿಗೆ ಥರ ಸೆಟೆದುಕೊಂಡು, ಮುರಿದರೆ ಲಟಕ್ ಅನ್ನಬೇಕು. ಆಗ ಮಡಕೆಗೆ ತುಂಬಿ ಬಾಯಿಗೆ ಬಟ್ಟೆ ಕಟ್ಟೋದು.

ಇದರಲ್ಲಿ ವಿಜ್ಞಾನ ಇದೆ. ಹಸಿ ಮಾಂಸದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ನೀರೇ. ಕೊಳೆಯಿಸೋ ಸೂಕ್ಷ್ಮಜೀವಿ ಬದುಕಬೇಕು ಅಂದ್ರೆ ಆ ನೀರು ಬೇಕು. ಉಪ್ಪು ಒಂದಷ್ಟು ನೀರು ಎಳೀತು, ಬಿಸಿಲು ಒಂದಷ್ಟು ಎಳೀತು, ಹೊಗೆ ಮೇಲ್ಮೈ ಕಾಪಾಡ್ತು. ಹೆಬ್ಬೆಟ್ಟು ಒತ್ತೋ ನಮ್ಮಜ್ಜಿಗೆ ಇದೆಲ್ಲ ಕೈಗೆ ಗೊತ್ತಿತ್ತು.

ತಿನ್ನೋದು ಹೇಗೆ? ಕೆಂಡದ ಮೇಲೆ ಸುಟ್ಟು, ಒರಳಿಗೆ ಹಾಕಿ ಜಜ್ಜಿ, ಮುದ್ದೆ ಜೊತೆ ನಂಚಿಕೊಳ್ಳೋದು. ಇಲ್ಲಾಂದ್ರೆ ಬಿಸಿನೀರಲ್ಲಿ ನೆನೆಸಿ ಹುರುಳಿಕಾಳಿಗೋ ಬದನೆಕಾಯಿಗೋ ಹಾಕಿ ಸಾರು. ನಾಲ್ಕು ತುಂಡು ಹಾಕಿದರೆ ಹತ್ತು ಜನರ ಸಾರಿಗೆ ವಾಸನೆ ಬರೋದು. ಅವ್ವ ಅಕ್ಕಪಕ್ಕದ ಹೆಂಗಸರ ಜೊತೆ ಗುಂಪಾಗಿ ಕಾಫಿ ತೋಟದ ಕೆಲಸಕ್ಕೆ ಹೋಗುವಾಗ ಒಂದು ಗಂಟಲ್ಲಿ ರಾಗಿಹಿಟ್ಟು, ಇನ್ನೊಂದು ಗಂಟಲ್ಲಿ ಕೊರಬಾಡು. ವಾರಕ್ಕೊಂದು ಸಲ ಬಟವಾಡೆ. ಅಲ್ಲೀತನಕ ಅದೇ ಊಟ. ನಮ್ಮ ಮನೆಯ ಮೀಲ್ ಪ್ರೆಪ್ ಇದು.

ಈ ವಿದ್ಯೆ ನಮ್ಮದೊಂದೇ ಅಲ್ಲ. ಮರಾಠವಾಡದ ನಮ್ಮ ಜನ ಇದಕ್ಕೆ ಚಾನಿ ಅಂತಾರೆ. ಶಾಹೂ ಪಾಟೋಳೆ ಅವರು 2015ರಲ್ಲಿ 'ಅನ್ನ ಹೇ ಅಪೂರ್ಣಬ್ರಹ್ಮ' ಅಂತ ಮರಾಠಿಯಲ್ಲಿ ಪುಸ್ತಕವನ್ನೇ ಬರೆದರು, 2024ರಲ್ಲಿ ಅದು ಇಂಗ್ಲಿಷಿಗೂ ಬಂತು. ದಕ್ಷಿಣ ಆಫ್ರಿಕಾದಲ್ಲಿ ಬಿಲ್‌ಟಾಂಗ್. ಅಮೆರಿಕದವರು ಪ್ಯಾಕೆಟ್‌ನಲ್ಲಿ ಮಾರೋ ಜರ್ಕಿ ಅನ್ನೋ ಪದ ಬಂದಿರೋದೇ ದಕ್ಷಿಣ ಅಮೆರಿಕದ ಮೂಲನಿವಾಸಿಗಳ ಕೆಚುವಾ ಭಾಷೆಯ ಚಾರ್ಕಿಯಿಂದ. ಅವರದ್ದು ಅಂಗಡಿಗೆ ಬಂತು. ನಮ್ಮದು ಇವತ್ತಿಗೂ ಅಟ್ಟದ ಮೇಲಿದೆ.

*

ಇಲ್ಲಿ ನಿಂತು ಒಂದು ಮಾತು. ಈಗ ನಮ್ಮಲ್ಲಿ ಕೆಲವರು ಕೊರಬಾಡನ್ನ "ನಮ್ಮ ಸಂಸ್ಕೃತಿ, ನಮ್ಮ ಪರಂಪರೆ" ಅಂತ ಹಾಡಿ ಹೊಗಳ್ತಾರೆ. ನನಗೂ ಅದರ ರುಚಿ ಇಷ್ಟ. ಆದರೆ ಅಜ್ಜಿ ಅಷ್ಟೊಂದು ಬಾಡನ್ನ ಯಾಕೆ ಒಣಗಿಸಬೇಕಾಯ್ತು ಅಂತ ಕೇಳಿಕೊಳ್ಳಬೇಕಲ್ಲ?

ಯಾಕಂದ್ರೆ ಬಾಡು ಯಾವತ್ತು ಬರುತ್ತೆ ಅನ್ನೋದು ನಮ್ಮ ಕೈಲಿರಲಿಲ್ಲ. ನಮಗೆ ಹಸಿವಾದ ದಿನ ಬರ್ತಿರಲಿಲ್ಲ. ಊರಿನವರ ದನ ಸತ್ತ ದಿನ ಬರ್ತಿತ್ತು.

ನಮ್ಮ ತಾತ ತೋಟಿ ಚಾಕರಿ ಮಾಡಿದವನು. ಊರಲ್ಲಿ ದನ ಸತ್ತರೆ ಕೇರಿಗೆ ಕೂಗು. ಹೋಗಿ ಹೊತ್ತು ತರಬೇಕು. ತೊಗಲು ಸುಲೀಬೇಕು. ಅದಕ್ಕೆ ಕೂಲಿ ಇಲ್ಲ, ಆ ಮಾಂಸವೇ ಕೂಲಿ. ಒಂದು ಎತ್ತು ಅಂದ್ರೆ ಎಷ್ಟು ಮಾಂಸ ಯೋಚನೆ ಮಾಡಿ. ಕೇರಿಯೆಲ್ಲ ಹಂಚಿಕೊಂಡರೂ ಎರಡು ದಿನಕ್ಕೆ ಮುಗಿಯಲ್ಲ. ಮುಂದಿನ ದನ ಸಾಯೋದು ನಾಳೆಯೋ ಆರು ತಿಂಗಳಿಗೋ ಗೊತ್ತಿಲ್ಲ. ಆದ್ದರಿಂದ ಒಣಗಿಸು, ಮಡಗು. 1961ರಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂತು. ಕಾಗದದ ಮೇಲೆ ತೋಟಿ ಚಾಕರಿ ಹೋಯ್ತು. ಕೂಗು ಮಾತ್ರ ಬಹಳ ವರ್ಷ ನಿಲ್ಲಲಿಲ್ಲ.

ಹಿಂದೆ ಹೋದರೆ ಇನ್ನೂ ಕಷ್ಟ. ಹಳಬರು ಹೇಳೋ ಧಾತು ಈಶ್ವರ ಬರ ಅಂದ್ರೆ 1876-78ರ ಕ್ಷಾಮ. 1871ರಲ್ಲಿ ಮೈಸೂರು ಸಂಸ್ಥಾನದ ಜನ ಸುಮಾರು 50 ಲಕ್ಷದ 55 ಸಾವಿರ. 1881ರಲ್ಲಿ ಎಣಿಸಿದಾಗ 41 ಲಕ್ಷದ 86 ಸಾವಿರ. ಹತ್ತು ವರ್ಷದಲ್ಲಿ ಜನ ಬೆಳೆಯಬೇಕಿತ್ತು, ಎಂಟೂವರೆ ಲಕ್ಷಕ್ಕೂ ಹೆಚ್ಚು ಕಡಿಮೆಯಾದರು. ಮೇವು ನೀರಿಲ್ಲದೆ ದನಗಳೂ ಸತ್ತವು. ಕಣಜ ಇದ್ದವರು ಕಣಜ ಕಾದರು. ಕಣಜ ಇಲ್ಲದವರಿಗೆ ಇದ್ದದ್ದು ಇಂಥ ಮಡಕೆ. ಅದೂ ಎಷ್ಟು ದಿನ ಬಂದಿರಬಹುದು?

ಹಾಗಾಗಿ ಕೊರಬಾಡನ್ನ ಬರೀ ರುಚಿ ಅಂತ ನೋಡಬೇಡಿ. ಹೊಲ ಇಲ್ಲದವರು, ಕಣಜ ಇಲ್ಲದವರು ಹಸಿವನ್ನ ಮುಂದಕ್ಕೆ ತಳ್ಳೋಕೆ ಕಂಡುಕೊಂಡ ದಾರಿ ಅದು.

*

ಬಾಬಾಸಾಹೇಬರು 1948ರ 'ದಿ ಅನ್‌ಟಚಬಲ್ಸ್' ಪುಸ್ತಕದಲ್ಲಿ ಇದನ್ನೇ ಹಿಡಿದರು. ಅವರ ವಾದ ಹೀಗಿದೆ: ಒಂದು ಕಾಲದಲ್ಲಿ ಎಲ್ಲರೂ ಗೋಮಾಂಸ ತಿನ್ನೋರೇ. ಆಮೇಲೆ ಗೋವು ಪವಿತ್ರ ಆಯ್ತು, ಗುಪ್ತರ ಕಾಲಕ್ಕೆ ಗೋಹತ್ಯೆ ಮಹಾಪಾಪ ಆಯ್ತು. ಊರವರು ತಿನ್ನೋದು ಬಿಟ್ಟರು. ಊರಾಚೆ ಇದ್ದ ಬಡವರು ಬಿಡೋಕೆ ಆಗಲಿಲ್ಲ, ಯಾಕಂದ್ರೆ ಅವರು ಕೊಂದು ತಿಂತಿರಲಿಲ್ಲ, ಸತ್ತದ್ದನ್ನ ತಿಂತಿದ್ದರು. ಸತ್ತ ದನ ತಿಂದರೆ ಗೋಹತ್ಯೆಯ ನಿಯಮ ಮುರಿದಂತೆ ಆಗಲ್ಲ. ಕಾನೂನಿನ ಪ್ರಕಾರ ತಪ್ಪೇ ಇಲ್ಲ. ಆದರೂ ಮೈಲಿಗೆ ಅಂಟಿತು. ಸುಮಾರು ಕ್ರಿ.ಶ. 400ರ ಹೊತ್ತಿಗೆ ಅಸ್ಪೃಶ್ಯತೆ ಹುಟ್ಟಿತು ಅಂತ ಅವರ ಲೆಕ್ಕ. ಇದನ್ನ ಒಪ್ಪದ ವಿದ್ವಾಂಸರೂ ಇದ್ದಾರೆ. ಅದು ಬೇರೆ ಚರ್ಚೆ. ಆದರೆ ಕೊಲ್ಲದವನಿಗೇ ಯಾಕೆ ಶಿಕ್ಷೆ ಅಂತ ಅವರು ಕೇಳಿದ್ದಕ್ಕೆ ಇವತ್ತಿಗೂ ಯಾರೂ ಸರಿಯಾಗಿ ಉತ್ತರ ಕೊಟ್ಟಿಲ್ಲ.

ಅದೇ ಪುಸ್ತಕದಲ್ಲಿ ಇನ್ನೊಂದು ದಾಖಲೆ ಇದೆ. 1911ರ ಜನಗಣತಿಗೆ ಮುಂಚೆ ಬ್ರಿಟಿಷ್ ಅಧಿಕಾರಿಗಳು ಯಾರು ಪೂರ್ತಿ ಹಿಂದೂಗಳು, ಯಾರು ಅಲ್ಲ ಅಂತ ವಿಂಗಡಿಸೋಕೆ ಹತ್ತು ಪರೀಕ್ಷೆ ಇಟ್ಟರು. ಬ್ರಾಹ್ಮಣ ಪುರೋಹಿತ ಬರ್ತಾನಾ, ಗುಡಿಯೊಳಗೆ ಬಿಡ್ತಾರಾ, ಮುಟ್ಟಿದರೆ ಮೈಲಿಗೆಯಾ... ಅದರಲ್ಲೊಂದು, ಗೋಮಾಂಸ ತಿಂತಾರಾ ಅಂತ. ನಮ್ಮಜ್ಜಿಯ ಮಡಕೆಯೊಳಕ್ಕೆ ಸರ್ಕಾರ ಇಣುಕಿ ನೋಡಿದ್ದು ಇವತ್ತಲ್ಲ ಕಣ್ರೀ.

ಇದೇ ಬಾಬಾಸಾಹೇಬರು 1927ರ ಮಾರ್ಚ್‌ನಲ್ಲಿ ಮಹಾಡ್‌ನಲ್ಲಿ ನಮ್ಮ ಜನಕ್ಕೆ ಸತ್ತ ದನದ ಮಾಂಸ ತಿನ್ನೋದು ಬಿಡಿ ಅಂತ ಕರೆ ಕೊಟ್ಟರು. ಕೆಲವರು ಇದನ್ನ ಹಿಡ್ಕೊಂಡು "ನೋಡಿ, ನಿಮ್ಮ ಅಂಬೇಡ್ಕರೇ ಬೇಡ ಅಂದಿದ್ದಾರೆ" ಅಂತ ನಮಗೇ ಪಾಠ ಮಾಡ್ತಾರೆ. ಸ್ವಾಮಿ, ಸರಿಯಾಗಿ ಓದಿ. ಅವರು ಬಿಡಿ ಅಂದದ್ದು ಹೊತ್ತು ತಂದದ್ದನ್ನ. ಬಿಟ್ಟಿ ಚಾಕರಿಗೆ ಬದಲಾಗಿ ಎಸೆದದ್ದನ್ನ. ಅದಕ್ಕೂ, ದುಡಿದ ದುಡ್ಡಲ್ಲಿ ಕೊಂಡು ತಂದದ್ದಕ್ಕೂ ವ್ಯತ್ಯಾಸ ಇದೆ.

ಈ ವ್ಯತ್ಯಾಸ ನಾನು ಕಲಿತದ್ದು ಪುಸ್ತಕದಿಂದಲ್ಲ. ನಮ್ಮ ಮನೆಯಲ್ಲಿ.

*

ಎಪ್ಪತ್ತರ ದಶಕದಲ್ಲಿ ಬಿ. ಕೃಷ್ಣಪ್ಪನವರು, ದೇವನೂರ ಮಹಾದೇವ ಅವರು, ಸಿದ್ಧಲಿಂಗಯ್ಯನವರು ಮತ್ತು ಅವರ ಸಂಗಾತಿಗಳಿಂದ ದಲಿತ ಸಂಘರ್ಷ ಸಮಿತಿ ಬೆಳೀತು. 1973ರಲ್ಲಿ ಬಸವಲಿಂಗಪ್ಪನವರ ಬೂಸಾ ಮಾತಿಗೆ ರಾಜ್ಯದಲ್ಲಿ ಎಂಥ ಗಲಾಟೆ ಆಯ್ತು ಅಂತ ನಿಮಗೆಲ್ಲ ಗೊತ್ತು. ಆ ಬಿಸಿ ನಮ್ಮ ಕೇರಿಗೆ ತಲುಪುವಾಗ ಎಂಬತ್ತು ದಾಟಿತ್ತು. ನಮ್ಮಪ್ಪ ನಂಜನಗೂಡು, ಮೈಸೂರಿನ ಸಭೆಗಳಿಗೆ ಹೋಗಿ ಬಂದವನು. ಒಂದು ದಿನ ಊರಿಂದ ಕೂಗು ಬಂತು, ದನ ಸತ್ತಿದೆ ಬನ್ನಿ ಅಂತ. ಅಪ್ಪ ಹೋಗಲಿಲ್ಲ. ಕೇರಿಯಲ್ಲಿ ಇನ್ನೂ ನಾಲ್ಕೈದು ಜನ ಹೋಗಲಿಲ್ಲ. ಆವತ್ತು ಸಂಜೆ ಅಪ್ಪ ಅಟ್ಟ ಹತ್ತಿ ಕೊರಬಾಡಿನ ಮಡಕೆ ತಂದು ಅಂಗಳದಲ್ಲಿ ಒಡೆದು ಹಾಕಿದ. ನನಗೆ ನಾಲ್ಕೈದು ವರ್ಷ. ಸದ್ದು ನೆನಪಿದೆ.

ಆಮೇಲೆ 85-86ರ ಬರ ಬಂತು. ಊರವರು ಕೆಲಸಕ್ಕೆ ಕರೆಯೋದು ನಿಲ್ಲಿಸಿದ್ದರು, ಚಾಕರಿ ಬಿಟ್ಟವರಿಗೆ ಅದು ಶಿಕ್ಷೆ. ಅವ್ವ ಇವತ್ತಿಗೂ ಹೇಳ್ತಾಳೆ: "ನಿಮ್ಮಪ್ಪ ಮಾಡುದ್ದು ಸರೀನೆ ಕನ ಮಗ. ಆದ್ರ ಒಡ್ಯಾಕ್ ಮುಂಚೆ ನನ್ನ ಒಂದ್ ಮಾತ ಕೇಳ್ಬೇಕಿತ್ತು. ಬೇಯ್ಸಾಕಳು ನಾನು."

ಚಳವಳಿಯವರು ಈ ಮಾತು ಕೇಳಿಸಿಕೊಳ್ಳಬೇಕು. ನಾನೂ ಸೇರಿ.

ಅವ್ವ ಸುಮ್ಮನೆ ಕೂರಲಿಲ್ಲ. ತೋಟದ ಕೂಲಿ ದುಡ್ಡಲ್ಲಿ ಸಂತೆಗೆ ಹೋಗಿ ದನದ ಬಾಡು ಕೊಂಡು ತಂದಳು. ಹಸಿ ಮಾಂಸ. ತೂಕ ಹಾಕಿಸಿ, ಕಾಸು ಎಣಿಸಿ ಕೊಟ್ಟು, ಎಲೆಯಲ್ಲಿ ಕಟ್ಟಿಸಿಕೊಂಡು ತಂದದ್ದು. ಅದರಲ್ಲಿ ಅರ್ಧ ಆವತ್ತಿನ ಸಾರಿಗೆ, ಅರ್ಧ ಒಣಗೋಕೆ. ಹೊಸ ಮಡಕೆ ಅಟ್ಟಕ್ಕೆ ಏರಿತು. ಅಪ್ಪ ನೋಡಿದ. ಅವ್ವ ಇಷ್ಟೇ ಹೇಳಿದಳಂತೆ: "ಇದು ಹೊತ್ಕ ಬಂದದ್ದಲ್ಲ, ಕೊಂಡ್ಕ ಬಂದದ್ದು." ಅಪ್ಪ ಉಂಡ.

ನನ್ನ ಪ್ರಕಾರ ನಮ್ಮ ಮನೆಯಲ್ಲಿ ಸ್ವಾತಂತ್ರ್ಯ ಬಂದದ್ದು ಆವತ್ತು. ಯಾವ ದಿನ ಬಾಡು ತಿನ್ನಬೇಕು ಅನ್ನೋದನ್ನ ಊರಿನ ದನದ ಸಾವು ತೀರ್ಮಾನ ಮಾಡಲಿಲ್ಲ. ನಮ್ಮವ್ವ ಮಾಡಿದಳು.

*

ಈಗ ನಮ್ಮ ಮನೆಯಲ್ಲಿ ಫ್ರಿಜ್ ಇದೆ. ನಾನು, ನನ್ನ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗೋರು. ಬೆಳಗ್ಗೆ ಬಸ್ ಹಿಡೀಬೇಕು. ಹಾಗಾಗಿ ಭಾನುವಾರ ಸಿಕ್ಕಾಗ ಎರಡು ಕೆಜಿ ಎಮ್ಮೆ ಬಾಡು ತರೋದು. ಉಪ್ಪು, ಅರಿಶಿನ, ಶುಂಠಿ ಬೆಳ್ಳುಳ್ಳಿ ಹಾಕಿ ಕುಕ್ಕರಲ್ಲಿ ಏಳೆಂಟು ವಿಷಲ್. ಒಂದು ಪಾಲು ಆವತ್ತಿನ ಸಾರಿಗೆ. ಒಂದು ಪಾಲು ಮೆಣಸು ಕಾಯಿಚೂರು ಹಾಕಿ ನೀರು ಇಂಗುವ ತನಕ ಹುರಿದು ಡಬ್ಬಿಗೆ, ಬುಧವಾರದೊಳಗೆ ಮುಗಿಸಬೇಕು. ಇನ್ನೊಂದು ಪಾಲು ಫ್ರೀಜರ್‌ಗೆ, ವಾರದ ಕೊನೆಗೆ. ಸೋಮವಾರ ಮಾತ್ರ ಡಬ್ಬಿ ತೆಗೆಯಲ್ಲ. ನಂಜುಂಡೇಶ್ವರನ ವಾರ, ಅವ್ವ ಬಿಡಲ್ಲ. ನನ್ನ ವಿಚಾರವಾದ ಅವಳ ಮುಂದೆ ನಡೆಯಲ್ಲ.

ಇಷ್ಟೆಲ್ಲ ಧೈರ್ಯವಾಗಿ ಬರೀತಿರೋ ನಾನು ಒಂದು ತಪ್ಪು ಒಪ್ಪಿಕೊಳ್ಳಬೇಕು. ಇಪ್ಪತ್ತು ವರ್ಷದಿಂದ ಗುಮಾಸ್ತನ ಕೆಲಸ ಮಾಡ್ತಿದ್ದೀನಿ. ಮೊದಲನೇ ವರ್ಷ ಒಂದು ಮಧ್ಯಾಹ್ನ ಡಬ್ಬಿ ತೆಗೆದಾಗ "ಏನು ಸರ್ ಘಮ ಘಮ?" ಅಂದರು. ನಾನು "ಮಟನ್" ಅಂದೆ. ಬಾಯಿಗೆ ತಾನಾಗೇ ಬಂತು. ಆಮೇಲೆ ಪ್ರತಿ ಸಲವೂ ಮಟನ್. ವೇದಿಕೆ ಮೇಲೆ ಆಹಾರದ ಹಕ್ಕಿನ ಬಗ್ಗೆ ಅರ್ಧ ಗಂಟೆ ಮಾತಾಡೋನು ಮಧ್ಯಾಹ್ನದ ಊಟಕ್ಕೆ ಸುಳ್ಳು ಹೇಳ್ತಿದ್ದ. ಒಬ್ಬರಿಗೆ ಹೇಗೋ ಗೊತ್ತಾದ ಮೇಲೆ ನನ್ನ ಪಕ್ಕದ ಕುರ್ಚಿ ಖಾಲಿ ಆಯ್ತು. ಯಾರೂ ಏನೂ ಅನ್ನಲಿಲ್ಲ. ಡಬ್ಬಿ ಎತ್ತಿಕೊಂಡು ಬೇರೆ ಮೇಜಿಗೆ ಹೋದರು ಅಷ್ಟೆ.

ನಮ್ಮ ಗುಂಡ್ಲುಪೇಟೆಯಿಂದ ಕಾಡು ದಾಟಿ ಸುಲ್ತಾನ್ ಬತ್ತೇರಿಗೆ ಹೋದರೆ ಹೋಟೆಲ್ ಬೋರ್ಡ್‌ನಲ್ಲೇ ಬೀಫ್ ಅಂತ ದಪ್ಪಕ್ಷರದಲ್ಲಿ ಬರೆದಿರ್ತಾರೆ. ಶುಂಠಿ ಕೆಲಸಕ್ಕೆ ಹೋದ ನಮ್ಮ ಹುಡುಗರು ಅಲ್ಲಿ ಎಲ್ಲರ ಪಕ್ಕ ಕೂತು ಉಣ್ತಾರೆ. ಚೆಕ್‌ಪೋಸ್ಟ್ ದಾಟಿ ಈಚೆ ಬಂದರೆ ಅದೇ ಬಾಡು ಗುಟ್ಟು.

*

ಈಗ ಕಾನೂನಿಗೆ ಬರ್ತೀನಿ. 1964ರ ಕಾಯ್ದೆಯಲ್ಲಿ ಹಸು ಕಡಿಯೋ ಹಾಗಿರಲಿಲ್ಲ. ಆದರೆ 12 ವರ್ಷ ದಾಟಿದ ಎತ್ತು, ಹೋರಿ, ಎಮ್ಮೆ, ಕೋಣಕ್ಕೆ ಸರ್ಟಿಫಿಕೇಟ್ ಇದ್ದರೆ ಅವಕಾಶ ಇತ್ತು. ತಪ್ಪಿದರೆ ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. 2021ರ ಜನವರಿಯಿಂದ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ ಎತ್ತು, ಹೋರಿ ಪೂರ್ತಿ ನಿಷೇಧ. 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ಅವಕಾಶ. ಶಿಕ್ಷೆ 3ರಿಂದ 7 ವರ್ಷ, ದಂಡ 50 ಸಾವಿರದಿಂದ 5 ಲಕ್ಷ. 2023ರಲ್ಲಿ ಸರ್ಕಾರ ಬದಲಾಯ್ತು, ನಾವೂ ಓಟು ಹಾಕಿದ್ವಿ. ಕಾಯ್ದೆ ರದ್ದಾಗಲಿಲ್ಲ.

ಈ ಕಾಯ್ದೆ ಕೈಹಾಕಿರೋದು ಯಾವುದಕ್ಕೆ ನೋಡಿ. ಕೊಂಡು ತಂದದ್ದಕ್ಕೆ. ಮಾರೋನು, ಕೊಳ್ಳೋನು, ಗಾಡಿಯಲ್ಲಿ ಸಾಗಿಸೋನು, ಇವರೆಲ್ಲ ಅಪರಾಧಿ ಆಗಬಹುದು. ನಮ್ಮವ್ವ ಕಾಸು ಎಣಿಸಿ ಕೊಟ್ಟು ಗಳಿಸಿಕೊಂಡ ಮರ್ಯಾದೆ ಇತ್ತಲ್ಲ, ಆ ಸಂತೆಯನ್ನೇ ಮುಚ್ಚಿತು. ನಾವು ತರ್ತಿದ್ದ ಅಂಗಡಿ ಬಾಗಿಲು ಹಾಕಿ ವರ್ಷಗಳಾದವು.

ಇನ್ನೊಂದು ಕಡೆ, ಉಳುಮೆಗೆ ಬಾರದ ಮುದಿ ಎತ್ತನ್ನ ರೈತ ಮಾರೋ ಹಾಗಿಲ್ಲ. ಮೇವು ಹಾಕೋಕೆ ಅವನಿಗೂ ಶಕ್ತಿ ಇಲ್ಲ. ಬಿಟ್ಟುಬಿಡ್ತಾನೆ. ಅದು ಎಲ್ಲೋ ರಸ್ತೆ ಬದಿ ಸಾಯುತ್ತೆ. ಆಗ ಎತ್ತಿ ಹೂಳೋಕೆ ಯಾರನ್ನ ಕರೀತಾರೆ? ನಮ್ಮ ಕೇರಿಯನ್ನೇ. ಸತ್ತ ಮೇಲೆ ಗೋಮಾತೆ ನಮ್ಮ ಪಾಲು. ತಾತನ ಕಾಲದ ಕೂಗು ಬೇರೆ ಬಾಗಿಲಿಂದ ವಾಪಸ್ ಬರ್ತಾ ಇದೆ.

ಅದನ್ನ ಮಾಡಿದರೂ ಉಳಿಗಾಲ ಇಲ್ಲ. 2016ರ ಜುಲೈನಲ್ಲಿ ಗುಜರಾತಿನ ಊನಾ ಹತ್ತಿರ ಸತ್ತ ಹಸುವಿನ ತೊಗಲು ಸುಲೀತಿದ್ದ ನಮ್ಮ ಹುಡುಗರನ್ನ ಕಟ್ಟಿ ಬಡಿದರು. ಅದಾದ ಮೇಲೆ ಅಲ್ಲಿನ ದಲಿತರು "ನಿಮ್ಮ ಸತ್ತ ದನ ನೀವೇ ಎತ್ತಿಕೊಳ್ಳಿ" ಅಂದರು. 2015ರ ಸೆಪ್ಟೆಂಬರ್‌ನಲ್ಲಿ ದಾದ್ರಿ ಹತ್ತಿರ ಅಖ್ಲಾಕ್ ಅವರನ್ನ ಕೊಂದಾಗ ಅವರ ಮನೆಯ ಫ್ರಿಜ್‌ನಲ್ಲಿದ್ದ ಮಾಂಸದ ಮೇಲೆ ದೇಶವೆಲ್ಲ ಚರ್ಚೆ ಮಾಡಿತು. ಒಬ್ಬ ಮನುಷ್ಯ ಸತ್ತಿದ್ದ. ಲ್ಯಾಬಿಗೆ ಕಳಿಸಿದ್ದು ಮಾಂಸ. ನಾಳಿನ ಊಟಕ್ಕೆ ಅಂತ ತೆಗೆದಿಡೋದು ಕೆಲವರಿಗೆ ಜಾಣತನ, ಕೆಲವರಿಗೆ ಸಾಕ್ಷ್ಯ.

ಅದೇ ದೇಶದ ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟಿದೆ. ಕೇಸು ಹಾಕಿದವರು ನಮ್ಮ ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಏನು ತಿನ್ನಬೇಕು ಅಂತ ಸರ್ಕಾರದಿಂದ ಹೇಳಿಸಿಕೊಳ್ಳೋಕೆ ಯಾರೂ ಇಷ್ಟಪಡಲ್ಲ ಅನ್ನೋ ಅರ್ಥದ ಮಾತು ಆ ತೀರ್ಪಿನಲ್ಲೇ ಇದೆ. ನನ್ನ ಊಟದ ಡಬ್ಬಿಯೂ ಆ ಹಕ್ಕಿನೊಳಗೆ ಬರುತ್ತೆ ಅಂತ ನಾನು ನಂಬಿದ್ದೀನಿ.

ನಮ್ಮೂರಿನದ್ದೇ ಒಂದು ವಿಚಾರ ಹೇಳಿ ಮುಗಿಸ್ತೀನಿ. ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗೋರು ಹಂಗಳದಲ್ಲೇ ತಿರುಗಬೇಕು. ಬೆಟ್ಟದ ದೇವರು ದನ ಕಾಯೋನು. ಕೆಳಗೆ ಬಂಡೀಪುರದ ಅಂಚಿನ ಊರುಗಳಲ್ಲಿ ದನ ಕಾದವರು ನಾವು, ಸಗಣಿ ಬಾಚಿದವರು ನಾವು. ಆ ಸಗಣಿ ಲಾರಿ ತುಂಬಿ ಕಾಫಿ ತೋಟಗಳಿಗೆ ಗೊಬ್ಬರವಾಗಿ ಹೋಗ್ತಿತ್ತು, ಅದರ ವ್ಯಾಪಾರದ ಮೇಲೆ 2005ರಲ್ಲಿ ಸಂಶೋಧನಾ ಲೇಖನವೇ ಬಂದಿದೆ. ದನದ ಹಾಲು ಮಾರಬಹುದು, ಸಗಣಿ ಮಾರಬಹುದು, ತೊಗಲಿನ ಚಪ್ಪಲಿ ಹಾಕಿಕೊಂಡು ಓಡಾಡಬಹುದು. ಇದ್ಯಾವುದಕ್ಕೂ ಯಾರ ಭಾವನೆಗೂ ನೋವಾಗಲಿಲ್ಲ. ನಮ್ಮ ತಟ್ಟೆಗೆ ಬಂದಾಗ ಮಾತ್ರ ನೋವು.

*

ರೀಲ್ಸ್ ನೋಡಿದ ಮಾರನೇ ದಿನ ಮಗಳು ಹಾಸ್ಟೆಲ್‌ಗೆ ಹೊರಟಳು. ಅವ್ವ ಒಂದು ಡಬ್ಬಿಗೆ ಹುರಿದ ಬಾಡು ಹಾಕಿಕೊಟ್ಟಳು. ನಾನು "ಯಾರಾದ್ರೂ ಕೇಳಿದ್ರೆ..." ಅಂತ ಶುರು ಮಾಡಿದೆ. ಮಗಳು ಅರ್ಧಕ್ಕೇ ತಡೆದು "ಕೇಳಿದ್ರೆ ಬೀಫ್ ಅಂತೀನಪ್ಪ, ಇನ್ನೇನು ಅನ್ಲಿ?" ಅಂದಳು.

ನನಗೆ ಹೆಮ್ಮೆಯೂ ಆಯ್ತು, ಭಯವೂ ಆಯ್ತು. ಬಸ್ ಹೋದ ಮೇಲೂ ಸ್ವಲ್ಪ ಹೊತ್ತು ಸ್ಟಾಂಡಲ್ಲೇ ನಿಂತಿದ್ದೆ.

ಮಂಗಳವಾರ ಆಫೀಸಿನಲ್ಲಿ ಡಬ್ಬಿ ತೆಗೆದೆ. ಹೊಸದಾಗಿ ಬಂದ ಹುಡುಗ ಕೇಳಿದ. ಈ ಸಲ ನಿಜ ಹೇಳಿದೆ. ಅವನು ಒಂದು ಗಳಿಗೆ ಸುಮ್ಮನಿದ್ದು, "ನಮ್ಮನೇಲೂ ಮಾಡ್ತಾರೆ ಸರ್, ತರೋಕೆ ಭಯ" ಅಂದ. ಇಬ್ಬರೂ ಹಂಚಿಕೊಂಡು ತಿಂದ್ವಿ.

ನಿಮ್ಮ ಕಡೆ ಕೊರಬಾಡಿಗೆ ಏನಂತಾರೆ? ಹೇಗೆ ಮಾಡ್ತಿದ್ದರು? ನಿಮ್ಮ ಅವ್ವ, ಅಜ್ಜಿಯರನ್ನ ಕೇಳಿ ಕೆಳಗೆ ಬರೆಯಿರಿ. ಅವರು ಇರುವಾಗಲೇ ಕೇಳಿ.

ಜೈ ಭೀಮ್.